ಈ ದಾರಿ ಯಾರು ಮಾಡಿದ್ದು? ಇಂಗ್ಲೆಂಡಿನ ಉತ್ತರ ಭಾಗದ ಮೂರ್‌ಗಳಲ್ಲಿ ಗ್ರಾವೆಲ್ ಸೈಕಲ್ ಹೊಡೆಯುವವರಿಗೆ

ಮೊದಲ ಸಲ ಮೂರ್ ಅನ್ನೋ ಗುಡ್ಡದ ಮೇಲಿನ ಬಯಲಿಗೆ ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ, ಮಣ್ಣು ದಾರಿಗೆ ಹೊಂದುವ ಅಗಲ ಟೈರಿನ ಸೈಕಲ್, ತಗೊಂಡು ಹೋದ ದಿನ ನನ್ನ ಮುಂದಿನ ಚಕ್ರ ಅರ್ಧಕ್ಕರ್ಧ ಕಪ್ಪು ಕೆಸರಿನಲ್ಲಿ ಹೂತು ಹೋಯಿತು. ಫೋನಿನ ಆ್ಯಪ್ ಎರಡು ಹಳ್ಳಿಗಳ ಮಧ್ಯೆ ಚೆಂದದ ನೇರ ಗೆರೆ ಎಳೆದು ಕೊಟ್ಟಿತ್ತು, ನಾನು ನಂಬಿದ್ದೆ. ಸೈಕಲ್ ಹೆಗಲ ಮೇಲೆ ಹೊತ್ತು, ಒಂದು ಶೂ ಕಳಕೊಂಡು, ಕೈ ಹಾಕಿ ಅದನ್ನ ಹುಡುಕಿ ಎಳೆದು, 3 ಕಿ.ಮೀ. ದಾಟೋಕೆ ಎರಡು ಗಂಟೆ ಹಿಡಿಯಿತು. ಆಚೆ ಕಡೆ ಬೇಲಿ ಸರಿ ಮಾಡುತ್ತಿದ್ದ ರೈತರೊಬ್ಬರು ನನ್ನ ಮೊಣಕಾಲು ನೋಡಿದರು, ಸೈಕಲ್ ನೋಡಿದರು. 'ಆ ಕಡೆಯಿಂದ ಯಾರೂ ಬರೋದಿಲ್ಲವಲ್ಲ' ಅಂದರು. ಬೈಗುಳ ಅಲ್ಲ, ಸುಮ್ನೆ ಇದ್ದ ವಿಷಯ ಹೇಳಿದರು.

ಅವತ್ತಿನಿಂದ ನಕ್ಷೆಯ ಮೇಲಿನ ಪ್ರತಿ ಗೆರೆಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಈ ದಾರಿ ಯಾರು ಮಾಡಿದ್ದು, ಏನು ಸಾಗಿಸೋಕೆ? ಇದಕ್ಕೆ ಉತ್ತರ ಸಿಕ್ಕಿದರೆ ಏರು ಎಷ್ಟಿರುತ್ತೆ, ನೆಲ ಹೇಗಿರುತ್ತೆ, ದಾರಿ ಎಲ್ಲಿ ಹೋಗಿ ಮುಟ್ಟುತ್ತೆ ಅನ್ನೋದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತೆ. ಈ ಬರಹ ಪೂರ್ತಿ ಅದೇ ಪ್ರಶ್ನೆಯ ಸುತ್ತ ಇದೆ. ಉದಾಹರಣೆಗಳು ನಾರ್ತ್ ಯಾರ್ಕ್ ಮೂರ್ಸ್, ಯಾರ್ಕ್‌ಷೈರ್ ಡೇಲ್ಸ್ ಮತ್ತು ಪೀಕ್ ಡಿಸ್ಟ್ರಿಕ್ಟ್‌ನವು. ಮೂರೂ ರಾಷ್ಟ್ರೀಯ ಉದ್ಯಾನಗಳು, ಮೂರರಲ್ಲೂ ಮೇಲೆ ಮೂರ್, ಕೆಳಗೆ ಕಣಿವೆ.

ಮೂರ್ ಅಂದರೆ ಗುಡ್ಡದ ನೆತ್ತಿಯ ಮೇಲಿನ, ಮರ ಇಲ್ಲದ ಬಯಲು. ಮೇಲ್ಗಡೆ ಮೊಣಕಾಲೆತ್ತರದ ಹೆದರ್ ಪೊದೆ. ಕೆಳಗೆ ಪೀಟ್. ಪೂರ್ತಿ ಕೊಳೆಯದ ಗಿಡ, ಪಾಚಿ ಎಲ್ಲ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದ ಕಪ್ಪು ಮಣ್ಣು ಅದು. ವರ್ಷಕ್ಕೆ ಹೆಚ್ಚೂ ಕಡಿಮೆ 1 ಮಿ.ಮೀ. ಬೆಳೆಯುತ್ತೆ. ನಿಮ್ಮ ಟೈರು ಒಂದು ಮಧ್ಯಾಹ್ನದಲ್ಲಿ ಕೊರೆಯುವ 5 ಸೆಂ.ಮೀ. ಗೀರು ಐವತ್ತು ವರ್ಷದ ಬೆಳೆ. ಮಳೆ ಬಂದ ಮಾರನೇ ದಿನ ಬರೀ ಪೀಟ್ ಇರುವ ದಾರಿಗೆ ಹೋಗಬೇಡಿ ಅಂತ ಹೇಳೋದು ಇದಕ್ಕೇ. ಬಟ್ಟೆ ಕೊಳೆಯಾಗೋ ಮಾತು ಆಮೇಲಿನದು.

ಮೊದಲು ಕಾನೂನು: ಸೈಕಲ್‌ಗೆ ಎಲ್ಲಿ ಹಕ್ಕಿದೆ

ಇದನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾರ್ವಜನಿಕ ದಾರಿಗಳು ನಾಲ್ಕು ಬಗೆ. ಫುಟ್‌ಪಾತ್ ನಡೆಯುವವರಿಗೆ ಮಾತ್ರ, ಬಾಣ ಹಳದಿ. ಬ್ರೈಡಲ್‌ವೇಯಲ್ಲಿ ನಡೆಯುವವರು, ಕುದುರೆ ಸವಾರರು, ಸೈಕಲ್‌ನವರು ಎಲ್ಲರೂ ಹೋಗಬಹುದು, ಬಾಣ ನೀಲಿ. ರಿಸ್ಟ್ರಿಕ್ಟೆಡ್ ಬೈವೇಗೆ ನೇರಳೆ ಬಾಣ, ಅಲ್ಲಿ ಮೋಟಾರು ಗಾಡಿ ಬಿಟ್ಟು ಉಳಿದದ್ದೆಲ್ಲ ಸರಿ. ಮೋಟಾರು ಗಾಡಿಗೂ ತೆರೆದಿರುವ ಬೈವೇಗೆ ಕೆಂಪು ಬಾಣ. ಕೊನೆಯ ಮೂರೂ ನಮ್ಮವು, ಮೊದಲನೆಯದು ಅಲ್ಲ.

ಬ್ರೈಡಲ್‌ವೇ ಮೇಲೆ ಸೈಕಲ್‌ಗೆ ಹಕ್ಕು ಬಂದದ್ದು 1968ರ ಕಂಟ್ರಿಸೈಡ್ ಕಾಯ್ದೆಯಿಂದ. ಅದರಲ್ಲೇ ಒಂದು ಷರತ್ತೂ ಇದೆ: ಸೈಕಲ್‌ನವರು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ಕಾನೂನು.

ಹೊಸಬರು ಎಡವುವ ಜಾಗ ಇನ್ನೊಂದಿದೆ. ನಕ್ಷೆಯಲ್ಲಿ ಮೂರ್‌ನ ದೊಡ್ಡ ದೊಡ್ಡ ಭಾಗ ತಿಳಿ ಹಳದಿ ಬಣ್ಣದಲ್ಲಿ ಕಾಣುತ್ತೆ. ಅದು 2000ನೇ ಇಸವಿಯ ಕಾಯ್ದೆಯಿಂದ ತೆರೆದುಕೊಂಡ 'ಆ್ಯಕ್ಸೆಸ್ ಲ್ಯಾಂಡ್'. ಅಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು, ಆದರೆ ಕಾಲ್ನಡಿಗೆಯಲ್ಲಿ. ಸೈಕಲ್‌ಗೆ ಆ ಹಕ್ಕಿಲ್ಲ. ಸ್ಕಾಟ್ಲೆಂಡಿನ ಕತೆ ಬೇರೆ. 2003ರ ಲ್ಯಾಂಡ್ ರಿಫಾರ್ಮ್ ಕಾಯ್ದೆ ಪ್ರಕಾರ ಜವಾಬ್ದಾರಿಯಿಂದ ನಡಕೊಂಡರೆ ಹೆಚ್ಚಿನ ಜಾಗದಲ್ಲಿ ಸೈಕಲ್ ತಗೊಂಡು ಹೋಗಬಹುದು. ಅಲ್ಲಿ ಸವಾರಿ ಮಾಡಿ ಬಂದವರು ಗಡಿ ದಾಟಿ ಈಚೆಗೆ ಬಂದಾಗಲೇ ಜಾಸ್ತಿ ಬೈಸಿಕೊಳ್ಳೋದು.

ನಕ್ಷೆ ಯಾವುದು? ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್, ಕಿತ್ತಳೆ ಬಣ್ಣದ ರಕ್ಷಾಪುಟ. ಕಾಗದದ್ದಾದರೂ ಆಗಲಿ, ಅವರದೇ ಆ್ಯಪ್‌ನಲ್ಲಾದರೂ ಆಗಲಿ. ಅದರಲ್ಲಿ ಚಿಕ್ಕ ಹಸಿರು ಗೆರೆಗಳ ಸಾಲು ಫುಟ್‌ಪಾತ್, ಉದ್ದ ಹಸಿರು ಗೆರೆಗಳ ಸಾಲು ಬ್ರೈಡಲ್‌ವೇ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಹಿಗ್ಗಿಸಿ ನೋಡಿ. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್‌ನಲ್ಲಿ (ಜನ ಹೆಚ್ಚು ಓಡಾಡಿದ ದಾರಿ ಬೆಳಗಿಸಿ ತೋರಿಸುವ ನಕ್ಷೆ) ದಾರಿ ಹೊಳೀತಾ ಇದೆ ಅಂತ ನಂಬಬೇಡಿ. ಜನ ಹೋಗಿದ್ದಾರೆ ಅನ್ನೋದು ಅದರಿಂದ ಗೊತ್ತಾಗುತ್ತೆ, ಹೋಗಬಹುದಾ ಅನ್ನೋದು ಗೊತ್ತಾಗಲ್ಲ.

ನೆಲದ ಮೇಲೆ ಇನ್ನೂ ಸುಲಭದ ಗುರುತಿದೆ. ಗೋಡೆ ಬಂದಾಗ ಗೇಟ್ ಇದ್ದರೆ ಸಾಮಾನ್ಯವಾಗಿ ಸರಿ ದಾರಿ, ಯಾಕಂದರೆ ಕುದುರೆ ಗೋಡೆ ಹತ್ತೋದಿಲ್ಲ. ಕಲ್ಲಿನ ಮೆಟ್ಟಿಲು ಹತ್ತಿ ಗೋಡೆ ದಾಟಬೇಕು, ಸೈಕಲ್ ಎತ್ತಿ ಆಚೆ ಇಳಿಸಬೇಕು ಅಂತ ಬಂದರೆ ನೀವು ಫುಟ್‌ಪಾತ್ ಮೇಲಿದ್ದೀರಿ ಅಂತಲೇ ಲೆಕ್ಕ. ನಿಂತು ನಕ್ಷೆ ತೆಗೆಯಿರಿ.

ಆಮೇಲೆ ದಾರಿಯ ಹುಟ್ಟು ಹುಡುಕಿ

ಈಗ ಅಸಲಿ ವಿಷಯ. ಮೂರ್ ಮೇಲೆ ಯಾರೂ ಖುಷಿಗೆ ದಾರಿ ಮಾಡಿದ್ದಲ್ಲ. ಯಾವುದೋ ಭಾರ ಸಾಗಿಸೋಕೆ ಮಾಡಿದ್ದು. ಆ ಭಾರವೇ ದಾರಿಯ ಗುಣ ಹೇಳುತ್ತೆ.

ಹಳಿ ಕಿತ್ತ ಹಳೇ ರೈಲು ಹಾದಿ ಗ್ರಾವೆಲ್ ಸೈಕಲ್‌ಗೆ ಚಿನ್ನ. ಉಗಿಬಂಡಿಗೆ ಏರು ಆಗಿಬರಲ್ಲ, ಹಾಗಾಗಿ ಎಂಜಿನಿಯರುಗಳು ಗುಡ್ಡದ ಮಗ್ಗುಲಲ್ಲೇ ಸುತ್ತಿ ಸುತ್ತಿ, ಕಣಿವೆಯ ತಲೆ ಬಳಸಿಕೊಂಡು ಹಾದಿ ತಂದಿದ್ದಾರೆ. ದೂರ ಜಾಸ್ತಿ ಆಯ್ತು ಅನಿಸುತ್ತೆ, ಆದರೆ ಎತ್ತರ ಕಳಕೊಳ್ಳಲ್ಲ. ಕಷ್ಟಪಟ್ಟು ಹತ್ತಿದ 300 ಮೀಟರನ್ನ ಸುಮ್ಮಸುಮ್ಮನೆ ಇಳಿದು ಕಳೆಯೋದಕ್ಕಿಂತ 5 ಕಿ.ಮೀ. ಸುತ್ತೋದು ಎಷ್ಟೋ ವಾಸಿ. ನೆಲ ಬೂದಿ, ಕಿಟ್ಟ, ಜಲ್ಲಿ. ನೀರು ಬೇಗ ಇಳಿದು ಹೋಗುತ್ತೆ. ತೊಂದರೆ ಇರೋದು ಸೇತುವೆ ಕಿತ್ತು ಹೋದ ಕಡೆ ಮತ್ತು ಏರಿ ಕುಸಿದ ಕಡೆ. ಅಲ್ಲಿ ದಾರಿ ಸಟ್ಟಂತ ಹಳ್ಳಕ್ಕೆ ಬೀಳುತ್ತೆ.

ಇದರಲ್ಲಿ ಸುಲಭದವೂ ಇವೆ. ಸ್ಕಾರ್‌ಬರೋದಿಂದ ವಿಟ್ಬಿಗೆ ಹೋಗುವ ಸಿಂಡರ್ ಟ್ರ್ಯಾಕ್ ಸುಮಾರು 34 ಕಿ.ಮೀ. 1965ರಲ್ಲಿ ನಿಂತು ಹೋದ ರೈಲು ಮಾರ್ಗ ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮೂರ್. ಪೀಕ್ ಡಿಸ್ಟ್ರಿಕ್ಟ್‌ನ ಮಾನ್ಸಲ್ ಟ್ರೇಲ್ ಸುಮಾರು 14 ಕಿ.ಮೀ., 2011ರಲ್ಲಿ ಅದರ ಸುರಂಗಗಳನ್ನ ಮತ್ತೆ ತೆರೆದರು. ಸೈಕಲ್ ಹೊಸತು, ಅಭ್ಯಾಸ ಇಲ್ಲ ಅನ್ನುವವರು ಇಲ್ಲಿ ಶುರು ಮಾಡಬಹುದು. ರಜೆಯ ದಿನ ಮಕ್ಕಳು, ನಾಯಿಗಳು, ತಳ್ಳುಗಾಡಿಗಳ ಮಧ್ಯೆ ವೇಗದ ಆಸೆ ಬಿಟ್ಟುಬಿಡಬೇಕು, ಅಷ್ಟೇ.

ದನ ಹೊಡಕೊಂಡು ಹೋಗುತ್ತಿದ್ದವರ ದಾರಿ, ಅಂದರೆ ಡ್ರೋವ್ ರೋಡ್, ನನಗೆ ಇವುಗಳಲ್ಲೆಲ್ಲ ಇಷ್ಟ. ಸ್ಕಾಟ್ಲೆಂಡಿನಿಂದ ದಕ್ಷಿಣದ ಸಂತೆಗಳಿಗೆ ಸಾವಿರಾರು ದನ ಕಾಲ್ನಡಿಗೆಯಲ್ಲೇ ಬರುತ್ತಿದ್ದವು. ಸುಂಕ ಕಟ್ಟಬೇಕಾದ ಕಣಿವೆ ರಸ್ತೆ ತಪ್ಪಿಸಿ, ದಾರಿಯಲ್ಲೇ ಮೇಯಿಸಿಕೊಂಡು, ಗುಡ್ಡದ ಬೆನ್ನ ಮೇಲೆ ಹೋಗುತ್ತಿದ್ದರು. ಹಾಗಾಗಿ ಈ ದಾರಿ ಅಗಲ, ಮೇಲೆ ಹುಲ್ಲು, ಏರು ನಿಧಾನ. ನಾರ್ತ್ ಯಾರ್ಕ್ ಮೂರ್ಸ್‌ನ ಪಶ್ಚಿಮ ಅಂಚಿನ ಹ್ಯಾಂಬಲ್ಟನ್ ಡ್ರೋವ್ ರೋಡ್ ಇಂಥದ್ದು. ಆಸ್ಮದರ್ಲಿ ಕಡೆಯಿಂದ ಬ್ಲ್ಯಾಕ್ ಹ್ಯಾಂಬಲ್ಟನ್ ಗುಡ್ಡದ ಮಗ್ಗುಲು ಹತ್ತಿ ಸಟನ್ ಬ್ಯಾಂಕ್ ಕಡೆಗೆ ಹೋಗುತ್ತೆ. ಹತ್ತುವಾಗ ಬಿಡಿಗಲ್ಲು ಇವೆ. ಮೇಲೆ ಬಂದಮೇಲೆ ಬಲಗಡೆ ಬಯಲು ಸೀಮೆ ಪೂರ್ತಿ ಹಾಸಿದ ಹಾಗೆ ಕಾಣುತ್ತೆ.

ಡೇಲ್ಸ್‌ನ ಮಾಸ್ಟೈಲ್ಸ್ ಲೇನ್ ಮಠದವರ ದಾರಿ. ಫೌಂಟನ್ಸ್ ಆ್ಯಬಿಯ ಸನ್ಯಾಸಿಗಳಿಗೆ ಗುಡ್ಡದ ಮೇಲೆ ದೊಡ್ಡ ದೊಡ್ಡ ಕುರಿ ಹುಲ್ಲುಗಾವಲುಗಳಿದ್ದವು. ಕಿಲ್ನ್ಸಿಯಿಂದ ಮ್ಯಾಲಮ್ ಟಾರ್ನ್ ಸರೋವರದ ಕಡೆಗೆ ಹೋಗುವ ಈ ದಾರಿಯ ಎರಡೂ ಬದಿ, ಹೆಚ್ಚಿನ ಉದ್ದಕ್ಕೂ, ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ. ಇಲ್ಲಿ ಕೆಳಗಿರೋದು ಸುಣ್ಣಕಲ್ಲು, ಪೀಟ್ ಅಲ್ಲ. ನೀರು ನಿಲ್ಲಲ್ಲ. ಮಳೆಗಾಲದ ವಾರದಲ್ಲೂ ಇಂಥ ಕಡೆ ಹೋಗಬಹುದು. ಒಂದೇ ಎಚ್ಚರ: ಒದ್ದೆಯಾದ ಸುಣ್ಣಕಲ್ಲು ಸೋಪಿನ ಹಾಗೆ ಜಾರುತ್ತೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ತಿರುಗಲೂ ಬೇಡಿ. ಹಾಗೇ ನೇರ ಉರುಳಿ ಹೋಗಲಿ.

ಸೀಸದ ಗಣಿಗಳ ದಾರಿ ಸ್ವೇಲ್‌ಡೇಲ್ ಕಡೆ ಬೇಕಾದಷ್ಟಿವೆ. ಅದಿರು ತೊಳೆಯೋಕೆ ಹಳ್ಳ ಬೇಕು, ಗಣಿ ಇರೋದು ಮೇಲೆ. ಹೀಗಾಗಿ ಈ ದಾರಿಗಳು ಹಳ್ಳದ ಜೊತೆ ಹೊರಟು ಸೀದಾ ಗುಡ್ಡಕ್ಕೆ ಹತ್ತುತ್ತವೆ. ಸರೆಂಡರ್ ಬ್ರಿಜ್ ಹತ್ತಿರದಿಂದ ಓಲ್ಡ್ ಗ್ಯಾಂಗ್ ಕುಲುಮೆಯ ಪಾಳು ಗೋಡೆಗಳವರೆಗೆ ಹೋಗುವ ಜಲ್ಲಿ ದಾರಿ ಆರಾಮ. ಅದರಿಂದ ಮೇಲಕ್ಕೆ ಗಣಿ ತ್ಯಾಜ್ಯದ ಬಿಳಿ ದಿಬ್ಬಗಳ ಮಧ್ಯೆ ಬಿಡಿಗಲ್ಲು ಜಾಸ್ತಿ, ಹುಲ್ಲು ಕಡಿಮೆ. ಇಂಥ ಕಡೆ ಹಳೇ ಗಣಿ ಬಾವಿಗಳಿರುತ್ತವೆ, ದಾರಿ ಬಿಟ್ಟು ಅಡ್ಡ ಹಾಯಬೇಡಿ. ಕಣಿವೆಯಲ್ಲೇ ಇರುತ್ತೇನೆ ಅನ್ನುವವರಿಗೆ ರೀತ್‌ನಿಂದ ಕೆಲ್ಡ್‌ವರೆಗೆ ಸುಮಾರು 20 ಕಿ.ಮೀ. ಸ್ವೇಲ್ ಟ್ರೇಲ್ ಇದೆ.

ಹೇಸರಗತ್ತೆ, ಕುದುರೆ ಮೇಲೆ ಮೂಟೆ ಹೇರಿಕೊಂಡು ಹೋಗುತ್ತಿದ್ದ ದಾರಿ ನೋಡೋಕೆ ಚೆಂದ, ಹೊಡೆಯೋಕೆ ಕಷ್ಟ. ಪ್ರಾಣಿಗೆ ಏರು ಲೆಕ್ಕಕ್ಕಿಲ್ಲ, ಕೆಸರು ಮಾತ್ರ ಆಗಲ್ಲ. ಅದಕ್ಕೇ ಒಂದೇ ಸಾಲು ಚಪ್ಪಡಿ ಹಾಸಿರುತ್ತಾರೆ. ನಾರ್ತ್ ಯಾರ್ಕ್ ಮೂರ್ಸ್‌ನಲ್ಲಿ ಇದಕ್ಕೆ ಟ್ರಾಡ್ ಅಂತಾರೆ. ಚಪ್ಪಡಿ ಸವೆದು ಮಧ್ಯದಲ್ಲಿ ತೊಟ್ಟಿಯ ಹಾಗೆ ಆಗಿರುತ್ತೆ. ಒಣಗಿದ್ದರೆ ಮಜಾ. ಒದ್ದೆ ಇದ್ದರೆ ಇಳಿದು ತಳ್ಳಿ, ನಾಚಿಕೆ ಏನಿಲ್ಲ.

ಇನ್ನೊಂದು, ತೀರಾ ಮೋಸದ ದಾರಿ: ಗ್ರೌಸ್ ಅನ್ನೋ ಮೂರ್ ಹಕ್ಕಿಯ ಬೇಟೆಗೆ ಮಾಡಿಸಿದ ಎಸ್ಟೇಟ್ ದಾರಿ. ನಕ್ಷೆಯಲ್ಲೂ ಉಪಗ್ರಹ ಚಿತ್ರದಲ್ಲೂ ಬೆಳ್ಳಗೆ, ಅಗಲವಾಗಿ, ಹೊಸ ಜಲ್ಲಿ ಹಾಕಿದ್ದು ಕಾಣುತ್ತೆ. ಅದು ಹೋಗೋದು ಬೇಟೆಗಾರರು ಅಡಗಿ ಕೂರುವ ಕಲ್ಲಿನ ಗೂಡುಗಳ ತನಕ. ನಕ್ಷೆಯಲ್ಲಿ ಅಲ್ಲಿ 'ಬಟ್ಸ್' ಅಂತ ಬರೆದಿರುತ್ತೆ. ಅಲ್ಲಿಗೆ ಮುಗೀತು. ಮುಂದೆ ಹೆದರ್, ಅದರ ಮುಂದೆ ಇನ್ನೂ ಹೆದರ್. ಮೇಲಾಗಿ ಇವುಗಳಲ್ಲಿ ಎಷ್ಟೋ ದಾರಿಗೆ ಸೈಕಲ್ ಹಕ್ಕೇ ಇಲ್ಲ.

ಹೆಸರುಗಳನ್ನ ಓದೋಕೆ ಕಲಿಯಿರಿ

ಈ ಸೀಮೆಯ ಊರು ಗುಡ್ಡಗಳ ಹೆಸರಲ್ಲಿ ವೈಕಿಂಗರ ಹಳೇ ನಾರ್ಸ್ ಭಾಷೆಯ ಮಾತು ತುಂಬಿದೆ, ಎಲ್ಲ ನಮ್ಮ ಉಪಯೋಗಕ್ಕೆ ಬರುವಂಥವೇ. ಡೇಲ್ ಅಂದರೆ ಕಣಿವೆ. ಬೆಕ್ ಅಂದರೆ ಹಳ್ಳ. ಗಿಲ್ ಅಂದರೆ ಕಡಿದಾದ ಕೊರಕಲು. ರಿಗ್ ಅಂದರೆ ಗುಡ್ಡದ ಬೆನ್ನು, ಅಲ್ಲಿ ಗಾಳಿ ಗ್ಯಾರಂಟಿ. ಹೆಸರಿನ ಕೊನೆಗೆ ಬ್ಯಾಂಕ್ ಅಂತಿದ್ದರೆ ದುಡ್ಡಿನ ಬ್ಯಾಂಕಲ್ಲ, ಉಸಿರು ಕಟ್ಟಿಸುವ ಏರು. ರೋಸ್‌ಡೇಲ್‌ನ ಚಿಮ್ನಿ ಬ್ಯಾಂಕ್ ಮೂರಕ್ಕೆ ಒಂದು ಏರು, ಅಂದರೆ ಮೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ, ಟಾರು ರಸ್ತೆಯಾದರೂ. ಮಾಸ್ ಅಥವಾ ಮೈರ್ ಅಂತಿದ್ದರೆ ಜೌಗು, ನನ್ನ ಶೂ ಹೋದದ್ದು ಅಂಥಲ್ಲೇ. ಗೇಟ್ ಅಂತಿದ್ದರೆ ಬಹಳ ಸಲ ಬಾಗಿಲಲ್ಲ, ನಾರ್ಸ್‌ನಲ್ಲಿ ಅದು ದಾರಿ. ಪೀಕ್‌ನ ಕಟ್ ಗೇಟ್ ಬ್ರೈಡಲ್‌ವೇಯಲ್ಲಿ ಗೇಟ್ ಹುಡುಕಬೇಡಿ, ಪೀಟ್ ಸಿಗುತ್ತೆ.

ದಿನ, ದಿಕ್ಕು, ಗಾಳಿ

ಮೂರ್ ಮೇಲೆ ಮರ ಇಲ್ಲ, ಮರೆ ಇಲ್ಲ. ಗಾಳಿ ಬೀಸೋದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಗುಡ್ಡದ ಬೆನ್ನಿನ ತುಂಡನ್ನ ಪಶ್ಚಿಮದಿಂದ ಪೂರ್ವಕ್ಕೆ ಹೊಡೆಯೋ ಹಾಗೆ ಮಾರ್ಗ ಜೋಡಿಸಿ, ವಾಪಸಾತಿ ಕಣಿವೆಯೊಳಗೆ ಇರಲಿ. ಎದುರು ಗಾಳಿಗೆ 10 ಕಿ.ಮೀ. ಬೆನ್ನಿನ ಮೇಲೆ ಹೋದವರಿಗೆ ಇದನ್ನ ಹೇಳೋದು ಬೇಕಾಗಿಲ್ಲ.

ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು 0.6 ಡಿಗ್ರಿ ಚಳಿ ಏರುತ್ತೆ ಅಂತ ಇಟ್ಟುಕೊಳ್ಳಿ. ಕಣಿವೆಯ ಹಳ್ಳಿಯಲ್ಲಿ 10 ಡಿಗ್ರಿ ಇದ್ದರೆ 400 ಮೀಟರ್ ಮೇಲೆ 8ಕ್ಕಿಂತ ಕಡಿಮೆ, ಅದರ ಮೇಲೆ ಗಾಳಿ, ಅದರ ಮೇಲೆ ಹತ್ತುವಾಗ ಬೆವತ ಬೆನ್ನು. ಡಿಸೆಂಬರಿನಲ್ಲಿ ಮಧ್ಯಾಹ್ನ 3.45ರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯ ಮೇಲೂ ಬೆಳಕಿರುತ್ತೆ. ಮೊದಲ ಸವಾರಿಗೆ ಮೇ, ಜೂನ್ ಒಳ್ಳೇದು. ಹೆದರ್ ಹೂ ನೋಡಬೇಕು ಅಂದರೆ ಆಗಸ್ಟ್. ಆಗ ಗುಡ್ಡ ಪೂರ್ತಿ ನೇರಳೆ, ಜೇನಿನ ಗುಂಯ್ ಸದ್ದು ಸೈಕಲ್ ಮೇಲಿದ್ದರೂ ಕೇಳುತ್ತೆ.

ಆದರೆ ಆಗಸ್ಟ್ 12ಕ್ಕೆ ಗ್ರೌಸ್ ಬೇಟೆ ಶುರು, ಡಿಸೆಂಬರ್ 10ರವರೆಗೆ. ಭಾನುವಾರ ಸಾಮಾನ್ಯವಾಗಿ ಇರೋದಿಲ್ಲ. ದಾರಿಯ ಹತ್ತಿರ ಬೇಟೆ ನಡೀತಾ ಇದ್ದರೆ ಕಾಣುವ ಹಾಗೆ ನಿಂತುಕೊಳ್ಳಿ, ಅವರು ಕೈಸನ್ನೆ ಮಾಡಿದ ಮೇಲೆ ಹೊರಡಿ. ಮಾರ್ಚಿನಿಂದ ಜುಲೈವರೆಗೆ ಕರ್ಲ್ಯೂ, ಲ್ಯಾಪ್‌ವಿಂಗ್ ಥರದ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ದಾರಿ ಬಿಟ್ಟು ಇಳಿಯಬೇಡಿ. ತಲೆ ಮೇಲೆ ಒಂದು ಹಕ್ಕಿ ಕಿರುಚಿಕೊಂಡು ಸುತ್ತುತ್ತಾ ಇದ್ದರೆ ಅದರ ಮನೆ ಹತ್ತಿರ ಇದ್ದೀರಿ ಅಂತ ಅರ್ಥ, ಬೇಗ ಮುಂದೆ ಹೋಗಿ.

ಸೈಕಲ್ ಹೇಗಿರಬೇಕು

ಇದರ ಬಗ್ಗೆ ಜನ ಬೇಕಿದ್ದಕ್ಕಿಂತ ಜಾಸ್ತಿ ಮಾತಾಡುತ್ತಾರೆ, ನಾನು ಸ್ವಲ್ಪ ಹೇಳಿ ಬಿಡುತ್ತೇನೆ. ಟೈರು 40ರಿಂದ 45 ಮಿ.ಮೀ., ಟ್ಯೂಬ್‌ಲೆಸ್. 75 ಕೆ.ಜಿ. ತೂಕದವರಿಗೆ 45 ಮಿ.ಮೀ. ಟೈರಿನಲ್ಲಿ 30ರಿಂದ 35 ಪಿಎಸ್‌ಐ ಗಾಳಿಯಿಂದ ಶುರು ಮಾಡಿ ನೋಡಿ. ಕಲ್ಲು ರಿಮ್‌ಗೆ ಟಕ್ ಅಂತ ಬಡಿದರೆ ಎರಡು ಪಿಎಸ್‌ಐ ಏರಿಸಿ. ತಮಾಷೆ ಅಂದರೆ, ಪಂಕ್ಚರ್ ಮೂರ್ ಮೇಲೆ ಆಗೋದಕ್ಕಿಂತ ಕಣಿವೆಯ ಟಾರು ರಸ್ತೆಯಲ್ಲಿ ಆಗೋದೇ ಜಾಸ್ತಿ. ಶರತ್ಕಾಲದಲ್ಲಿ ರೈತರು ಹಾಥಾರ್ನ್ ಬೇಲಿ ಸವರುತ್ತಾರೆ, ಮುಳ್ಳೆಲ್ಲ ರಸ್ತೆ ಮೇಲೆ ಬಿದ್ದಿರುತ್ತೆ.

ಗೇರ್ ವಿಷಯದಲ್ಲಿ ಮಾತ್ರ ಹಟ ಮಾಡಬೇಡಿ. ಮುಂದಿನ ಹಲ್ಲು ಚಕ್ರಕ್ಕಿಂತ ಹಿಂದಿನ ದೊಡ್ಡ ಚಕ್ರದಲ್ಲಿ ಹಲ್ಲು ಜಾಸ್ತಿ ಇರಬೇಕು. ಮುಂದೆ 40, ಹಿಂದೆ 42 ಆದರೂ ಇರಲಿ, ಇನ್ನೂ ಹಗುರ ಇದ್ದರೆ ಒಳ್ಳೇದೇ. ಡಿಸ್ಕ್ ಬ್ರೇಕಿಗೆ ಸಿಂಟರ್ಡ್ ಪ್ಯಾಡ್ (ಲೋಹದ ಪುಡಿ ಒತ್ತಿ ಮಾಡಿದ್ದು) ಹಾಕಿಸಿ. ಗ್ರಿಟ್‌ಸ್ಟೋನ್ ಅನ್ನೋ ಒರಟು ಮರಳುಗಲ್ಲಿನ ಸೀಮೆಯ ಒದ್ದೆ ಮರಳು ರೆಸಿನ್ ಪ್ಯಾಡನ್ನ ಉಜ್ಜಿ ಉಜ್ಜಿ ತಿಂದುಬಿಡುತ್ತೆ. ನನ್ನ ಹೊಸ ಜೋಡಿ ಒಂದೇ ಮಳೆ ದಿನದಲ್ಲಿ ಲೋಹ ಕಾಣುವಷ್ಟು ಸವೆದಿತ್ತು. ಬಿಡಿ ಪ್ಯಾಡ್, ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಹಿಡಿದಿಡುವ ತುಂಡು), ಚೈನ್ ಲಿಂಕ್, ಒಂದು ಟ್ಯೂಬ್, ಪಂಪು. ಇಷ್ಟಿದ್ದರೆ ನಡೆಯೋದು ತಪ್ಪುತ್ತೆ.

ಚೀಲದಲ್ಲಿ ಗಾಳಿ ತಡೆಯುವ ಜಾಕೆಟ್, ಒಣ ಉಣ್ಣೆ ಅಂಗಿ, ಪೂರ್ತಿ ಬೆರಳಿನ ಗ್ಲೌಸ್, ಮೈ ಬೆಚ್ಚಗಿಡುವ ಫಾಯಿಲ್ ಚೀಲ, ಸೀಟಿ, ದೀಪ ಇರಲಿ. ಎರಡು ಲೀಟರ್ ನೀರು. ಹಳ್ಳದ ನೀರು ಟೀ ಬಣ್ಣದಲ್ಲಿ ಚೆಂದ ಕಾಣುತ್ತೆ, ಆದರೆ ಮೇಲ್ಗಡೆ ಎಲ್ಲೋ ಸತ್ತ ಕುರಿ ಇರುತ್ತೆ. ತಿನ್ನೋಕೆ ನಾಲ್ಕು ಗಂಟೆಗೆ ಸಾಲುವಷ್ಟು, ಮಧ್ಯೆ ಅಂಗಡಿ ಇದೆ ಅಂದುಕೊಳ್ಳಬೇಡಿ.

ಫೋನ್ ಸಿಗ್ನಲ್ ಕಣಿವೆಯ ತಳದಲ್ಲಿ ಬಹಳ ಸಲ ಸಿಗಲ್ಲ, ಗುಡ್ಡದ ಬೆನ್ನ ಮೇಲೆ ಸಿಗುವ ಸಂಭವ ಜಾಸ್ತಿ. ಮನೆಯಲ್ಲೇ 'ರಿಜಿಸ್ಟರ್' ಅನ್ನೋ ಪದವನ್ನ ಇಂಗ್ಲಿಷಿನಲ್ಲಿ ಬರೆದು ತುರ್ತು ಸಂಖ್ಯೆ 999ಕ್ಕೆ ಮೆಸೇಜ್ ಕಳಿಸಿ, ಬರುವ ಉತ್ತರದಲ್ಲಿ ಹೇಳಿದ ಹಾಗೆ ಮಾಡಿ. ಆಮೇಲೆ ಕರೆ ಹೋಗದ ಜಾಗದಿಂದಲೂ ಮೆಸೇಜ್‌ನಲ್ಲಿ ಸಹಾಯ ಕೇಳಬಹುದು. ಕರೆ ಹೋದರೆ 999 ಅಥವಾ 112, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ನಕ್ಷೆಯ ಗ್ರಿಡ್ ಸಂಖ್ಯೆ ಹೇಳೋಕೆ ಬರಬೇಕು. ಏನೂ ಇಲ್ಲ ಅಂದರೆ ಸೀಟಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ.

ದಾರಿಯಲ್ಲಿ ನಡಕೊಳ್ಳೋದು

ಗೇಟ್ ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ, ಕುರಿ ನೀರಿಗೆ ಹೋಗೋಕೆ ತೆರೆದಿಟ್ಟಿರಬಹುದು. ನೀವು ಕುದುರೆಯ ಹಿಂದಿನಿಂದ ಬರುತ್ತಿದ್ದರೆ ದೂರದಿಂದಲೇ ಸವಾರರನ್ನ ಮಾತಾಡಿಸಿ. ಬೆಲ್‌ಗಿಂತ ಮನುಷ್ಯರ ದನಿ ವಾಸಿ, ಹಿಂದೆ ಇರೋದು ಏನು ಅಂತ ಕುದುರೆಗೆ ತಿಳಿಯುತ್ತೆ. ಎದುರು ಬಂದರೆ ನಿಂತುಬಿಡಿ. ಒಣಗಿದ ದಿನಗಳಲ್ಲಿ ಸ್ಟವ್ ಹಚ್ಚಬೇಡಿ, ಪೀಟ್‌ಗೆ ಬೆಂಕಿ ಹಿಡಿದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತೆ. ಮನೆಗೆ ಬಂದಮೇಲೆ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಹತ್ತಿರ ಉಣ್ಣಿ ಇದೆಯಾ ನೋಡಿಕೊಳ್ಳಿ. ಇಲ್ಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರಬಹುದು.

ಒಂದು ದಿನದ ಮಾರ್ಗ, ಹೆಜ್ಜೆ ಹೆಜ್ಜೆಯಾಗಿ

ಮೇಲಿನದ್ದೆಲ್ಲ ಒಂದೇ ಕಡೆ ಸಿಗುವ ಮಾರ್ಗ ನಾರ್ತ್ ಯಾರ್ಕ್ ಮೂರ್ಸ್‌ನಲ್ಲಿದೆ: ರೋಸ್‌ಡೇಲ್ ಕಬ್ಬಿಣದ ಅದಿರಿನ ರೈಲು ಹಾದಿ. ಒಟ್ಟು 30 ಕಿ.ಮೀ. ಆಸುಪಾಸು, ನಿಧಾನಕ್ಕೆ ಹೋದರೆ ಐದು ಗಂಟೆ. ಪಶ್ಚಿಮದಿಂದ ಪೂರ್ವಕ್ಕೆ, ಗಾಳಿ ಬೆನ್ನಿಗೆ. ಹಿಂದಿನ ರಾತ್ರಿ ಪ್ರತಿ ತುಂಡಿನ ಹಸಿರು ಗೆರೆಯನ್ನೂ ನಕ್ಷೆಯಲ್ಲಿ ನೋಡಿಕೊಳ್ಳಿ.

ಮಿಡಲ್ಸ್‌ಬರೋದಿಂದ ವಿಟ್ಬಿಗೆ ಹೋಗುವ ಎಸ್ಕ್ ವ್ಯಾಲಿ ರೈಲಿನಲ್ಲಿ ಬ್ಯಾಟರ್ಸ್ಬಿ ಸ್ಟೇಷನ್‌ಗೆ ಬನ್ನಿ. ರೈಲು ಇಲ್ಲಿ ನಿಂತು, ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದು ಹೋಗಿ, ಬಂದ ದಿಕ್ಕಿಗೇ ಹೊರಡುತ್ತೆ. ದಿನಕ್ಕೆ ರೈಲು ಕೆಲವೇ, ಸೈಕಲ್‌ಗೂ ಜಾಗ ಕಡಿಮೆ. ನಾಲ್ಕೈದು ಜನ ಗುಂಪಾಗಿ ಬರೋ ಯೋಚನೆ ಬೇಡ.

ಸ್ಟೇಷನ್‌ನಿಂದ ಹಳ್ಳಿ ರಸ್ತೆಯಲ್ಲಿ ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿಂದ ಕಾಡಂಚಿನ ಸಮತಟ್ಟು ದಾರಿ ಹಿಡಿಯಿರಿ. ಅದೇ ಹಳೇ ರೈಲು ಹಾದಿ. ಕಾಲು ಬೆಚ್ಚಗಾಗುವಷ್ಟರಲ್ಲಿ ಎದುರಿಗೆ ಇಂಗಲ್ಬಿ ಇಂಕ್ಲೈನ್ ಬರುತ್ತೆ. ಸುಮಾರು 1.3 ಕಿ.ಮೀ. ನೇರ ಏರು, ಕಡಿದಾದಲ್ಲಿ ಐದಕ್ಕೆ ಒಂದು. ರೈಲು ಎಂಜಿನ್ ಇದನ್ನ ಹತ್ತುತ್ತಿರಲಿಲ್ಲ. ಮೇಲಿಂದ ಇಳಿಯುವ ಅದಿರು ತುಂಬಿದ ಬಂಡಿಗಳ ತೂಕವೇ ಹಗ್ಗದ ಮೂಲಕ ಖಾಲಿ ಬಂಡಿಗಳನ್ನ ಮೇಲಕ್ಕೆ ಎಳೆಯುತ್ತಿತ್ತು. 1861ರಲ್ಲಿ ಶುರುವಾಗಿ 1929ರವರೆಗೆ ನಡೆಯಿತು. ಎಂಜಿನ್ನೇ ಹತ್ತದ ಏರನ್ನ ನಾವು ತಳ್ಳಿಕೊಂಡು ಹೋದರೆ ಯಾವ ಅವಮಾನವೂ ಇಲ್ಲ. ಅರ್ಧ ಗಂಟೆ ಇಟ್ಟುಕೊಳ್ಳಿ. ಬೆವರು ಬರುವ ಮೊದಲೇ ಜಾಕೆಟ್ ತೆಗೆಯಿರಿ, ಮೇಲೆ ತಲುಪಿದ ತಕ್ಷಣ ಹಾಕಿಕೊಳ್ಳಿ.

ಮೇಲೆ ಬಂದಾಗ ಲೋಕವೇ ಬದಲಾಗುತ್ತೆ. ಏರು ಪೂರ್ತಿ ನಿಂತು, ಬೂದಿ ಬಣ್ಣದ ದಾರಿ ಹೆದರ್ ಮಧ್ಯೆ ಸಲೀಸಾಗಿ ಹರಿಯುತ್ತೆ. ಸ್ವಲ್ಪ ದೂರದಲ್ಲೇ ಬ್ಲೋವರ್ತ್ ಕ್ರಾಸಿಂಗ್. ಮಂಜು ಇದ್ದ ದಿನ ನಾನು ತಪ್ಪಿದ್ದು ಇಲ್ಲೇ. ದಕ್ಷಿಣಕ್ಕೆ ರಡ್ಲಂಡ್ ರಿಗ್ ಮೇಲಿನ ಹಳೇ ರಸ್ತೆ ಅಗಲವಾಗಿ ಕರೆಯುತ್ತೆ, ಉತ್ತರ, ಪಶ್ಚಿಮಕ್ಕೂ ದಾರಿಗಳಿವೆ. ಮಂಜಿನಲ್ಲಿ ಎಲ್ಲ ಒಂದೇ ಥರ. ಒಂದು ಗುರುತು ಇಟ್ಟುಕೊಳ್ಳಿ: ನಿಮ್ಮದು ರೈಲು ಹಾದಿ, ಅದು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಪೆಡಲ್ ಭಾರ ಬದಲಾಯಿತು ಅಂದರೆ ನಿಂತು ಜಿಪಿಎಸ್ ನೋಡಿ. ಅವತ್ತು ನನಗೆ ಸರಾಗವಾಗಿ ಹೋಗುತ್ತಿದೆ ಅಂತ ಖುಷಿಯಾಗಿತ್ತು, ಹತ್ತು ನಿಮಿಷ ಇಳಿದ ಮೇಲೆ ಗೊತ್ತಾಯಿತು.

ಬ್ಲೋವರ್ತ್‌ನಿಂದ ಬ್ಲೇಕಿಗೆ ಒಂಬತ್ತು ಕಿ.ಮೀ. ಆಸುಪಾಸು. ದಾರಿ ಫಾರ್ನ್‌ಡೇಲ್ ಕಣಿವೆಯ ತಲೆಯನ್ನ ಸುತ್ತುತ್ತಾ, ಒಳಗೆ ಹೋಗಿ ಹೊರಗೆ ಬರುತ್ತಾ ಸಾಗುತ್ತೆ. ಎದುರಿನ ತಿರುವಿನಲ್ಲಿ ಹತ್ತು ನಿಮಿಷ ಮುಂಚೆ ಹೋದವರು ಕಣಿವೆಯ ಆಚೆ ಚುಕ್ಕಿಯ ಹಾಗೆ ಕಾಣುತ್ತಾರೆ. ಕೂಗಿದರೆ ಕೇಳುತ್ತೆ ಅನ್ನುವಷ್ಟು ಹತ್ತಿರ, ಸೈಕಲ್‌ನಲ್ಲಿ ಮಾತ್ರ ದೂರ. ಅಡ್ಡದಾರಿ ಹುಡುಕಬೇಡಿ, ಮಧ್ಯೆ ಇರೋದು ಜೌಗು. ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ನಡೆಯುವವರ ಕೋಸ್ಟ್ ಟು ಕೋಸ್ಟ್ ಮಾರ್ಗವೂ ಇದೇ ತುಂಡಿನ ಮೇಲಿದೆ, ದೊಡ್ಡ ಚೀಲ ಹೊತ್ತವರು ಸಿಗುತ್ತಾರೆ. ನಿಧಾನಿಸಿ, ನಮಸ್ಕಾರ ಹೇಳಿ.

ಬ್ಲೇಕಿಯಲ್ಲಿ ರೈಲು ಹಾದಿಯಿಂದ ಮೇಲಕ್ಕೆ ಹತ್ತಿದರೆ ಲಯನ್ ಇನ್, ಸುಮಾರು 400 ಮೀಟರ್ ಎತ್ತರದಲ್ಲಿ, ಸುತ್ತ ಏನೂ ಇಲ್ಲದ ಜಾಗದಲ್ಲಿ. ಈ ಮಾರ್ಗದಲ್ಲಿ ಬಿಸಿ ಊಟ ಸಿಗೋದು ಇಲ್ಲೊಂದೇ ಕಡೆ. ಊಟ ಮುಗಿಸಿ ಆಕಾಶ, ಗಡಿಯಾರ ಎರಡೂ ನೋಡಿ. ಹೊತ್ತಿದ್ದು ಕಾಲಲ್ಲಿ ಶಕ್ತಿಯಿದ್ದರೆ ಹಳೇ ಹಾದಿಯ ಇನ್ನೊಂದು ಕವಲು ರೋಸ್‌ಡೇಲ್ ತಲೆಯನ್ನ ಸುತ್ತಿ ಪೂರ್ವ ಮಗ್ಗುಲಿನ ಗಣಿಗಳತ್ತ ಹೋಗುತ್ತೆ. ಅದಿರು ಸುಡುತ್ತಿದ್ದ ದೊಡ್ಡ ಕಮಾನುಗಳ ಕುಲುಮೆಗಳು ಅಲ್ಲಿವೆ. ನೋಡಿಕೊಂಡು ಬಂದ ದಾರಿಯಲ್ಲೇ ವಾಪಸ್ ಬನ್ನಿ, ಎರಡು ಗಂಟೆ ಜಾಸ್ತಿ ಹಿಡಿಯುತ್ತೆ. ಹೊತ್ತಿಲ್ಲದಿದ್ದರೆ ಬಿಡಿ.

ಬ್ಲೇಕಿಯಿಂದ ಟಾರು ರಸ್ತೆಯಲ್ಲಿ ಉತ್ತರಕ್ಕೆ. ಕಾರುಗಳು ಜೋರಾಗಿ ಬರುತ್ತವೆ, ಕುರಿಗಳು ರಸ್ತೆ ಮೇಲೇ ಮಲಗಿರುತ್ತವೆ, ಹಿಂದಿನ ದೀಪ ಹಗಲಲ್ಲೂ ಹಚ್ಚಿ. ಯಂಗ್ ರಾಲ್ಫ್ ಶಿಲುಬೆಯ ಹತ್ತಿರ ರಸ್ತೆ ಕವಲಾಗುತ್ತೆ. ಈ ರಾಷ್ಟ್ರೀಯ ಉದ್ಯಾನದ ಲಾಂಛನದಲ್ಲಿರೋದು ಇದೇ ಕಲ್ಲು. ಅಲ್ಲಿಂದ ಕ್ಯಾಸಲ್ಟನ್ ಕಡೆಯ ದಾರಿ ಹಿಡಿಯಿರಿ, ಗುಡ್ಡದ ಬೆನ್ನ ಮೇಲೇ ಇಳಿಜಾರು. ಬೆಳಗ್ಗೆ ತಳ್ಳಿ ಹತ್ತಿದ ಎತ್ತರವನ್ನ ಇಷ್ಟು ಹೊತ್ತು ಕಾಪಾಡಿಕೊಂಡದ್ದು ಇಲ್ಲಿ ಖರ್ಚಾಗುತ್ತೆ. ಊರು ಹತ್ತಿರ ಬಂದಾಗ ಇಳಿಜಾರು ಕಡಿದಾಗುತ್ತೆ, ಬ್ರೇಕ್ ಒಂದೇ ಸಮ ಒತ್ತಿಕೊಂಡಿರಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ.

ಕ್ಯಾಸಲ್ಟನ್ ಮೂರ್ ಸ್ಟೇಷನ್ ಊರಿನ ಕೆಳಗೆ, ಎಸ್ಕ್ ನದಿಯ ಹತ್ತಿರ. ರೈಲು ಬರುವ ಮೊದಲು ಟೈರಿಗೆ, ಫ್ರೇಮಿಗೆ ಮೆತ್ತಿದ ಪೀಟ್ ಕೆರೆದು ಹಾಕಿ. ರೈಲು ತಪ್ಪಿತು ಅಂದರೆ ಕಮನ್‌ಡೇಲ್, ಕಿಲ್ಡೇಲ್ ಮೇಲೆ ಬ್ಯಾಟರ್ಸ್ಬಿಗೆ 15 ಕಿ.ಮೀ. ಆಸುಪಾಸು ರಸ್ತೆ ಇದೆ. ಕಣಿವೆ ರಸ್ತೆ ಅಂತ ಹೆಸರಿಗಷ್ಟೇ, ಅದೂ ಹತ್ತಿ ಇಳಿಯುತ್ತೆ. ಜೊತೆಗೆ ಆ ಹೊತ್ತಿಗೆ ಗಾಳಿ ಎದುರಿಗೇ ಇರುತ್ತೆ, ಅದಕ್ಕೇ ಚೀಲದಲ್ಲಿ ಒಂದು ತಿಂಡಿ ಉಳಿಸಿಕೊಂಡಿರಿ.